ಮದುವೆಯ ಜಡೆಗೆ ಎಷ್ಟೊಂದು ಪರೀಕ್ಷೆ!

‘ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ’ ಎಂದು ಗಾದೆ ಕಟ್ಟಿದವರು ಬೆಳಗಿನ ಜಾವ ನಾಲ್ಕು ಗಂಟೆಗೆ ಮದುವೆ ಛತ್ರದ ಹೆಣ್ಣಿನ ಕೋಣೆಗೆ ಇಣುಕಿ ನೋಡಿರಲಿಕ್ಕಿಲ್ಲ. ಕೂದಲು ಎಷ್ಟೇ ಇರಲಿ, ಅಲ್ಲಿ ವಾಗ್ವಾದ ತಪ್ಪಿದ್ದಲ್ಲ. ಅಮ್ಮನಿಗೆ ಮೊಗ್ಗಿನ ಜಡೆಯೇ ಆಗಬೇಕು. ಅತ್ತಿಗೆಗೆ ಎಲ್ಲೋ ಚಿತ್ರದಲ್ಲಿ ಕಂಡ ತುರುಬು ಬೇಕು. ಗೆಳತಿಯರಿಗೆ ಭುಜದ ಮೇಲೆ ಇಳಿಬಿದ್ದ ಗುಂಗುರು ಚೆಂದ. ಅಜ್ಜಿಯದು ಒಂದೇ ಚಿಂತೆ, ‘ತಲೆಗೆ ಎಣ್ಣೆ ಮುಟ್ಟಿಸದೆ ಹಸೆಗೆ ಕೂರಿಸುತ್ತಾರಂತಲ್ಲ!’ ಪಾರ್ಲರಿನಿಂದ ಬಂದ ಹೆಂಗಸು ಕೈಯಲ್ಲಿ ಬಾಚಣಿಗೆ, ಬಾಯಲ್ಲಿ ನಾಲ್ಕು ಪಿನ್ನು ಹಿಡಿದು ಎಲ್ಲರ ಮುಖ ನೋಡುತ್ತ ನಿಂತಿರುತ್ತಾಳೆ.

ಈ ಗದ್ದಲದಲ್ಲಿ ‘ಯಾವುದು ಚೆಂದ?’ ಎಂದು ಎಲ್ಲರೂ ಕೇಳುತ್ತಾರೆ. ‘ಇವತ್ತು ಈ ಜಡೆ ಏನೇನು ತಡೆದುಕೊಳ್ಳಬೇಕು?’ ಎಂದು ಕೇಳುವವರು ಕಡಿಮೆ. ಸೇತುವೆ ಕಟ್ಟುವ ಎಂಜಿನಿಯರ್ ಮೊದಲು ಬಣ್ಣ ಯಾವುದೆಂದು ಯೋಚಿಸುವುದಿಲ್ಲ. ಎಷ್ಟು ಭಾರ, ಎಷ್ಟು ಗಾಳಿ, ಎಷ್ಟು ಪ್ರವಾಹ ಎಂದು ಲೆಕ್ಕ ಹಾಕುತ್ತಾನೆ. ಮದುವೆಯ ಜಡೆಗೂ ಅದೇ ಲೆಕ್ಕ ಬೇಕು.

ಹಾಕಿ ನೋಡೋಣ. ನಸುಕಿನಲ್ಲಿ ಎಣ್ಣೆ, ಅರಿಶಿನದ ಮಂಗಳಸ್ನಾನ. ಕೂದಲು ಪೂರ್ತಿ ಒಣಗುವ ಮೊದಲೇ ಸಿಂಗಾರ. ಹಣೆಗೆ ಕಟ್ಟಿದ ಬಾಸಿಂಗದ ದಾರ ತಲೆಯ ಸುತ್ತ ಬಿಗಿಯುತ್ತದೆ. ಅಂತರಪಟ ಸರಿದ ಕೂಡಲೇ ತಲೆಯ ಮೇಲೆ ಜೀರಿಗೆ ಬೆಲ್ಲ ಬೀಳುತ್ತದೆ. ಆಮೇಲೆ ಅಕ್ಷತೆಯ ಮಳೆ. ಧಾರೆಯ ನೀರು, ಹೋಮದ ಬಿಸಿ, ಹೊಗೆ. ಕಂಡ ಹಿರಿಯರಿಗೆಲ್ಲ ಬಾಗಿ ನಮಸ್ಕಾರ. ಒಂದೊಂದು ಸಲ ಬಾಗಿದಾಗಲೂ ತುರುಬಿನ ಭಾರ ಮುಂದಕ್ಕೆ ವಾಲುತ್ತದೆ. ಮಧ್ಯಾಹ್ನದ ಊಟ, ಸಂಜೆ ದೀಪಗಳ ಕೆಳಗೆ ಆರತಕ್ಷತೆ. ಒಟ್ಟು ಹದಿನಾಲ್ಕರಿಂದ ಹದಿನಾರು ಗಂಟೆ. ಕೊಡಗಿನಲ್ಲಿ ಇನ್ನೂ ಒಂದು ಪರೀಕ್ಷೆಯಿದೆ. ಅಲ್ಲಿ ಗಂಗಾಪೂಜೆಯಲ್ಲಿ ವಧು ನೀರು ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತು ಮನೆಯತ್ತ ನಡೆಯಬೇಕು, ದಾರಿಯುದ್ದಕ್ಕೂ ಗಂಡಿನ ಕಡೆಯವರು ಕುಣಿಯುತ್ತ ತಡೆಯುತ್ತಾರೆ. ನೆತ್ತಿಯ ಮೇಲೆ ಎತ್ತರದ ತುರುಬು ಕಟ್ಟಿಕೊಂಡವಳು ಬಿಂದಿಗೆಯನ್ನು ಎಲ್ಲಿ ಇಡಬೇಕು?

ಚಿತ್ರದಲ್ಲಿರುವ ರೂಪದರ್ಶಿಗೆ ಇದಾವುದೂ ಇಲ್ಲ. ಅವಳ ಜಡೆ ಕ್ಯಾಮೆರಾ ಮಿಟುಕುವವರೆಗೆ ನಿಂತರೆ ಸಾಕು. ಆದ್ದರಿಂದ ಚಿತ್ರ ಆರಿಸುವ ಮೊದಲು ಕೂದಲೆಂದರೆ ಏನು, ಅದು ಯಾವುದಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಎಳೆಯೊಳಗಿನ ಎರಡು ಗಂಟು

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ. ಚರ್ಮದೊಳಗಿನ ಬುಡ ಮಾತ್ರ ಜೀವಂತ, ಹೊರಗೆ ಕಾಣುವುದೆಲ್ಲ ಜೀವವಿಲ್ಲದ ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಉಗುರು, ಕುರಿಯ ಉಣ್ಣೆ, ಎಮ್ಮೆಯ ಕೊಂಬು ಎಲ್ಲದರಲ್ಲೂ ಇರುವುದು ಇದೇ ಕುಟುಂಬದ ಪ್ರೋಟೀನು.

ಕೆರಾಟಿನ್ ಅಣುಗಳು ಸುರುಳಿ ಸುತ್ತಿದ ಹಗ್ಗಗಳ ಹಾಗಿರುತ್ತವೆ. ಈ ಸುರುಳಿಯ ರಚನೆಯನ್ನು 1951ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಬಿಡಿಸಿ ತೋರಿಸಿದರು. ಸುರುಳಿಗಳು ಒಂದಕ್ಕೊಂದು ಕಟ್ಟಿಕೊಂಡಿರುವುದು ಮುಖ್ಯವಾಗಿ ಎರಡು ಬಗೆಯ ಗಂಟುಗಳಿಂದ. ಒಂದು ಹೈಡ್ರೋಜನ್ ಬಂಧ. ಇದು ಸಡಿಲ ಗಂಟು, ನೀರು ತಾಗಿದರೆ ಬಿಚ್ಚುತ್ತದೆ, ಒಣಗಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇನ್ನೊಂದು ಗಂಧಕದ ಬಂಧ. ಎರಡು ಗಂಧಕದ ಪರಮಾಣುಗಳು ಕೈ ಕೈ ಹಿಡಿದ ಬಿಗಿ ಗಂಟು ಇದು. ನೀರಿಗೂ ಬಾಚಣಿಗೆಗೂ ಜಗ್ಗುವುದಿಲ್ಲ. ಇದನ್ನು ಬಿಚ್ಚಲು ರಾಸಾಯನಿಕಗಳೇ ಬೇಕು. ಕೂದಲು ಸುಟ್ಟಾಗ ಬರುವ ಕಮಟು ವಾಸನೆಗೆ ಈ ಗಂಧಕವೂ ಒಂದು ಕಾರಣ.

ರಾತ್ರಿ ಒದ್ದೆ ಕೂದಲಿಗೆ ಜಡೆ ಹೆಣೆದು ಮಲಗಿದ ಹುಡುಗಿಯರಿಗೆಲ್ಲ ಮೊದಲನೆಯ ಗಂಟಿನ ಪರಿಚಯವಿದೆ. ಬೆಳಿಗ್ಗೆ ಬಿಚ್ಚಿದರೆ ಕೂದಲು ಅಲೆ ಅಲೆಯಾಗಿರುತ್ತದೆ. ತಲೆಗೆ ನೀರು ಹಾಕಿದ ಕೂಡಲೇ ಅಲೆ ಮಾಯ. ಪಾರ್ಲರಿನ ಬಿಸಿ ಇಕ್ಕುಳ ಮಾಡುವುದೂ ಇಷ್ಟೇ ಕೆಲಸ. ಬಿಸಿಯಿಂದ ನೀರನ್ನು ಓಡಿಸಿ, ಕೂದಲನ್ನು ಬೇಕಾದ ಆಕಾರದಲ್ಲಿ ಹಿಡಿದು, ಸಡಿಲ ಗಂಟುಗಳನ್ನು ಹೊಸ ಜಾಗದಲ್ಲಿ ಕಟ್ಟಿಸುತ್ತದೆ. ಕಟ್ಟಿದ್ದು ಎಷ್ಟು ಹೊತ್ತು ನಿಂತೀತು? ಮತ್ತೆ ನೀರು ಒಳಗೆ ಬರುವವರೆಗೆ ಮಾತ್ರ.

ಈ ಇಕ್ಕುಳದ ಬಿಸಿ 180ರಿಂದ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಮಂಗಳಸ್ನಾನದ ಒದ್ದೆ ಆರುವ ಮೊದಲೇ ಇಕ್ಕುಳ ಹಚ್ಚಿದರೆ ಎಳೆಯೊಳಗಿನ ನೀರು ಆವಿಯಾಗಿ ಉಬ್ಬಿ ಗುಳ್ಳೆಗಳನ್ನು ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಗುಳ್ಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಗುಳ್ಳೆಯಾದ ಕಡೆ ಕೂದಲು ಮುರಿಯುತ್ತದೆ. ‘ಟೈಮಿಲ್ಲ, ಹಾಗೇ ಹಚ್ಚಿಬಿಡಿ’ ಎನ್ನುವ ಅವಸರಕ್ಕೆ ಕೂದಲು ತೆರುವ ದಂಡ ಇದು. ತೊಯ್ದ ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರನ್ನು ಎಳೆಯೊಳಗೇ ಇಟ್ಟುಕೊಳ್ಳಬಲ್ಲದು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ತಲೆಗೆ ಎರೆದುಕೊಳ್ಳುವುದನ್ನು ಹಿಂದಿನ ದಿನವೇ ಮುಗಿಸಿ, ಮದುವೆಯ ಬೆಳಿಗ್ಗೆ ಶಾಸ್ತ್ರಕ್ಕೆ ನೆತ್ತಿಗೆ ಎರಡು ಹನಿ ಎಣ್ಣೆ ಮುಟ್ಟಿಸಿದರೆ ಅಜ್ಜಿಗೂ ಸಮಾಧಾನ, ಕೂದಲಿಗೂ ಕ್ಷೇಮ. ಹಿಂದಿನ ದಿನ ತೊಳೆದ ಕೂದಲು ಆಗಷ್ಟೇ ತೊಳೆದ ಕೂದಲಿನಷ್ಟು ಜಾರುವುದೂ ಇಲ್ಲ. ಪಿನ್ನು ಕಚ್ಚಿ ನಿಲ್ಲುತ್ತದೆ.

ಊರು ಯಾವುದು, ತಿಂಗಳು ಯಾವುದು?

ಲಗ್ನಪತ್ರಿಕೆಯಲ್ಲಿ ಊರು, ತಾರೀಖು ಎರಡೂ ಅಚ್ಚಾಗಿರುತ್ತವೆ. ಜಡೆ ಆರಿಸಲು ಬೇಕಾದ ಮೊದಲ ಮಾಹಿತಿ ಅದೇ.

ಗಾಳಿಯ ತೇವಕ್ಕೆ ಕೂದಲು ಎಷ್ಟು ಬೇಗ ಸ್ಪಂದಿಸುತ್ತದೆಂದರೆ, ಅದರಿಂದಲೇ ತೇವಮಾಪಕ ಮಾಡಿದ್ದಾರೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲನ್ನೇ ಬಳಸಿದ ಉಪಕರಣವನ್ನು ವಿವರಿಸಿದ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲು ನೂರಕ್ಕೆ ಎರಡೂವರೆ ಪಾಲಿನಷ್ಟು ಉದ್ದವಾಗುತ್ತದೆ. ಮುಳ್ಳಿಗೆ ಕಟ್ಟಿದರೆ ಆ ಬದಲಾವಣೆ ಅಂಕೆಯಾಗಿ ಕಾಣುತ್ತದೆ. ಹವಾಮಾನ ಕೇಂದ್ರಗಳಲ್ಲಿ ದಶಕಗಳ ಕಾಲ ಇಂಥ ಉಪಕರಣಗಳು ಕೆಲಸ ಮಾಡಿವೆ. ಮದುಮಗಳ ತಲೆಯ ಮೇಲೆ ಇಂಥ ಒಂದು ಲಕ್ಷ ತೇವಮಾಪಕಗಳಿವೆ ಎಂದಾಯಿತು!

ಮೇ ತಿಂಗಳಲ್ಲಿ ಮಂಗಳೂರು, ಉಡುಪಿ, ಕಾರವಾರದ ಗಾಳಿ ನೀರಿನಲ್ಲಿ ಅದ್ದಿದ ಬಟ್ಟೆಯಂತಿರುತ್ತದೆ. ಅಲ್ಲಿ ಬೆಳಿಗ್ಗೆ ಇಕ್ಕುಳದಿಂದ ನೆಟ್ಟಗೆ ಮಾಡಿದ ಕೂದಲು ಮುಹೂರ್ತದ ಹೊತ್ತಿಗೇ ಮೊದಲಿನ ಸ್ವಭಾವಕ್ಕೆ ಮರಳಲು ಶುರು ಮಾಡುತ್ತದೆ. ನೆಟ್ಟಗಿನ ಕೂದಲಿಗೆ ಮಾಡಿದ ಗುಂಗುರೂ ಅಷ್ಟೇ, ಊಟದ ಹೊತ್ತಿಗೆ ಜೋಲುತ್ತದೆ. ಅದೇ ತಿಂಗಳು ಕಲಬುರಗಿ, ರಾಯಚೂರಿನ ಒಣ ಬಿಸಿಯಲ್ಲಿ ಆಕಾರ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಬೇರೆ ತಾಪತ್ರಯವುಂಟು. ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ ಕಾಗದದ ಚೂರು ಎತ್ತುವ ಪ್ರಯೋಗ ಶಾಲೆಯಲ್ಲಿ ಮಾಡಿದ್ದು ನೆನಪಿರಬೇಕು. ಒಣ ಹವೆಯಲ್ಲಿ ಅದೇ ವಿದ್ಯುದಂಶ ಕೂದಲನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಎಳೆಗಳು ಎದ್ದು ನಿಲ್ಲುತ್ತವೆ. ಮರದ ಬಾಚಣಿಗೆ, ಅಂಗೈಗೆ ಸವರಿದ ಒಂದು ಹನಿ ಕೊಬ್ಬರಿ ಎಣ್ಣೆ ಇದಕ್ಕೆ ಸಾಕು.

ಆಕಾರ ಹಿಡಿದಿಡಲು ಹೊಡೆಯುವ ಸ್ಪ್ರೇ ಏನು ಮಾಡುತ್ತದೆ? ಅದರಲ್ಲಿ ಆಲ್ಕೊಹಾಲಿನಲ್ಲಿ ಕರಗಿಸಿದ ಪ್ಲಾಸ್ಟಿಕ್‌ನಂಥ ಅಂಟು ಇರುತ್ತದೆ. ಆಲ್ಕೊಹಾಲು ಆರಿಹೋಗಿ ಎಳೆ ಎಳೆ ಕೂಡುವಲ್ಲಿ ಅಂಟಿನ ಬೆಸುಗೆ ಉಳಿಯುತ್ತದೆ. ಇಂಥ ಅಂಟುಗಳಲ್ಲಿ ಕೆಲವು ತೇವವನ್ನು ತಾವೇ ಹೀರಿ ಮೆದುವಾಗಿ ಜಿಗುಟಾಗುತ್ತವೆ. ಅದಕ್ಕೆ ಜೀರಿಗೆ ಬೆಲ್ಲ ಸೇರಿ, ಮೇಲೆ ಅಕ್ಷತೆ ಬಿದ್ದರೆ? ಬಿಟ್ಟ ಗುಂಗುರಿನೊಳಗೆ ಕಾಳು ಕಾಳು ಕೂತು ಸಂಜೆಯವರೆಗೆ ಹೆಕ್ಕುತ್ತಿರಬೇಕು. ಕರಾವಳಿಯ ಬೇಸಿಗೆ ಮದುವೆಗೆ ಬಿಟ್ಟ ಕೂದಲಿಗಿಂತ ಕಟ್ಟಿದ ಕೂದಲೇ ಲೇಸು ಎಂದು ಹಿಂದಿನವರು ಕಂಡುಕೊಂಡದ್ದು ಶಾಸ್ತ್ರ ನೋಡಿ ಅಲ್ಲ, ಗಾಳಿ ನೋಡಿ ಇರಬೇಕು.

ಹೆಣೆದದ್ದು ನಿಲ್ಲುತ್ತದೆ

ಕಟ್ಟಿದ ಕೂದಲಿನಲ್ಲೂ ಜಡೆಯಷ್ಟು ಗಟ್ಟಿ ಇನ್ನೊಂದಿಲ್ಲ. ಕಾರಣ ಘರ್ಷಣೆ. ಹೋರಿಯ ಹಗ್ಗವನ್ನು ಗೂಟಕ್ಕೆ ಸುಮ್ಮನೆ ತಾಗಿಸಿ ಹಿಡಿದರೆ ಅದು ಎಳೆದುಕೊಂಡು ಓಡುತ್ತದೆ. ಎರಡು ಸುತ್ತು ಸುತ್ತಿ ಹಿಡಿದರೆ ಹತ್ತು ವರ್ಷದ ಹುಡುಗನೂ ನಿಲ್ಲಿಸಬಲ್ಲ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಒಂದು ಸುತ್ತಿಗೆ ಹಿಡಿತ ಆರು ಪಟ್ಟಾದರೆ ಎರಡು ಸುತ್ತಿಗೆ ಹನ್ನೆರಡಲ್ಲ, ಮೂವತ್ತಾರು ಪಟ್ಟು. ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಬರೆದ. ಮೂರು ಕಾಲಿನ ಜಡೆಯಲ್ಲಿ ಪ್ರತಿ ಕಾಲೂ ಉಳಿದೆರಡನ್ನು ಮತ್ತೆ ಮತ್ತೆ ಸುತ್ತುತ್ತದೆ. ತುದಿಗೆ ಒಂದು ದಾರ ಕಟ್ಟಿದರೆ ಮುಗಿಯಿತು. ಅಂಟೂ ಬೇಡ, ಬಿಸಿಯೂ ಬೇಡ. ಜಡೆಯೊಳಗಿನ ಕೂದಲಿನ ಮೇಲೆ ತೇವದ ಆಟ ನಡೆಯುವುದೂ ಕಡಿಮೆ, ಉಬ್ಬಿದರೆ ಹೆಣಿಗೆ ಇನ್ನೂ ಬಿಗಿಯುತ್ತದೆ ಅಷ್ಟೆ.

ಬಿಟ್ಟ ಕೂದಲಿನ ಕಟ್ಟು ಯಾವ ಆಕಾರದಲ್ಲಿ ಇಳಿಯುತ್ತದೆ ಎಂಬುದೂ ಭೌತವಿಜ್ಞಾನಿಗಳ ತಲೆ ತಿಂದ ಪ್ರಶ್ನೆಯೇ. ಇಂಗ್ಲೆಂಡಿನ ಗೋಲ್ಡ್‌ಸ್ಟೀನ್, ವಾರನ್, ಬಾಲ್ ಎಂಬ ಮೂವರು ಕುದುರೆಬಾಲದಂತೆ ಕಟ್ಟಿದ ಕೂದಲಿನ ಆಕಾರಕ್ಕೆ ಸಮೀಕರಣ ಬರೆದರು. ಕೂದಲಿನ ಬಿರುಸು, ಅದರ ಭಾರ, ಗುಂಗುರುಗಳ ಒತ್ತಡ ಈ ಮೂರರ ಜಗ್ಗಾಟದಲ್ಲಿ ಆಕಾರ ನಿರ್ಧಾರವಾಗುತ್ತದೆ. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನದಲ್ಲಿ 2012ರ ಭೌತವಿಜ್ಞಾನದ ಪಾಲು ಅವರಿಗೂ ಜೋಸೆಫ್ ಕೆಲ್ಲರ್ ಅವರಿಗೂ ಸಂದಿತು. ಅಂದರೆ ಒಬ್ಬಳ ಕೂದಲಿಗೆ ಒಪ್ಪುವ ಇಳಿತ ಇನ್ನೊಬ್ಬಳ ಕೂದಲಿಗೆ ಬರಬೇಕೆಂದಿಲ್ಲ. ಪಾರ್ಲರಿನವಳ ಕೈಚಳಕಕ್ಕಿಂತ ಎಳೆಯ ಬಿರುಸು ಅಲ್ಲಿ ಹೆಚ್ಚು ಮಾತಾಡುತ್ತದೆ.

ಇನ್ನು ಭಾರದ ಮಾತು. ಒಂದು ಕೂದಲು ಐವತ್ತು ಗ್ರಾಂ ತೂಗಬಲ್ಲದು ಎಂದಿಟ್ಟುಕೊಂಡರೆ ಲಕ್ಷ ಕೂದಲು ಐದು ಟನ್ ತೂಗಬೇಕು. ಹಾಗಿದ್ದರೆ ಚೌರಿ, ಜಡೆಬಿಲ್ಲೆ, ಕುಚ್ಚು, ಮೇಲೆ ಮೊಗ್ಗಿನ ಹೊದಿಕೆ ಇವೆಲ್ಲ ಯಾವ ಲೆಕ್ಕ? ಲೆಕ್ಕ ತಪ್ಪುವುದು ಇಲ್ಲೇ. ಭಾರವನ್ನು ಲಕ್ಷ ಕೂದಲು ಸಮನಾಗಿ ಹಂಚಿಕೊಳ್ಳುವುದಿಲ್ಲ. ಹಣೆಯಂಚಿನ, ಕಿವಿಯ ಹಿಂದಿನ, ಪಿನ್ನು ಕಚ್ಚಿದ ಕಡೆಯ ಕೆಲವೇ ಕೂದಲು ಹೊರುತ್ತವೆ. ಅಲ್ಲದೆ ಕೂದಲು ತುಂಡಾಗುವ ಮೊದಲು ಬುಡ ನೋಯುತ್ತದೆ. ಬಿಗಿದ ಕೂದಲಿನಿಂದ ಬರುವ ತಲೆನೋವಿಗೆ ವೈದ್ಯರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವೇ ಇದೆ. ಕಟ್ಟು ಸಡಿಲಿಸಿದರೆ ಒಂದು ಗಂಟೆಯೊಳಗೆ ಇಳಿಯುವ ನೋವು ಅದು. ಮದುವೆಯ ದಿನ ಸಡಿಲಿಸುವವರು ಯಾರು? ಹೆಣ್ಣು ಸಪ್ಪೆ ಮುಖ ಮಾಡಿ ಕೂತರೆ ‘ತವರು ಬಿಡುವ ದುಃಖ’ ಎಂದು ನೆಂಟರು ಮರುಗುತ್ತಾರೆ. ನಿಜವಾದ ಕಾರಣ ಕಿವಿಯ ಹಿಂದೆ ಚುಚ್ಚುತ್ತಿರುವ ಏಳು ಪಿನ್ನುಗಳಿರಬಹುದು.

ಮೊಗ್ಗಿನ ಜಡೆಯನ್ನು ಬಯಸುವವರು ಎರಡು ಸಂಗತಿ ಗಮನಿಸಬೇಕು. ಮೊಗ್ಗುಗಳನ್ನು ರಟ್ಟಿನ ಅಥವಾ ಬಾಳೆಪಟ್ಟೆಯ ಮೇಲೆ ಹೊಲಿದು ಜಡೆಗೆ ಕಟ್ಟುತ್ತಾರೆ. ಆ ಇಡೀ ಪಟ್ಟಿಯನ್ನು ಕಟ್ಟುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡುವುದು ಒಂದು. ಸ್ವಂತ ಜಡೆ ತೆಳುವಾಗಿದ್ದರೆ ಮಂಡಿಯವರೆಗಿನ ಪಟ್ಟಿಗಿಂತ ಸೊಂಟದವರೆಗಿನದು ಸಾಕು. ಎರಡನೆಯದು ಗಡಿಯಾರ. ದುಂಡುಮಲ್ಲಿಗೆಯ ಬಲಿತ ಮೊಗ್ಗು ಬೆಳಿಗ್ಗೆ ಕೊಯ್ದರೆ ಸಂಜೆ ಅರಳುತ್ತದೆ. ಅದು ಗಿಡದ ಸ್ವಭಾವ, ಹೆಣೆಯುವವರ ತಪ್ಪಲ್ಲ. ಬೆಳಗಿನ ಮುಹೂರ್ತಕ್ಕೆ ಮುತ್ತಿನ ಸಾಲಿನಂತಿದ್ದ ಜಡೆ ಆರತಕ್ಷತೆಯ ಹೊತ್ತಿಗೆ ಬೇರೆಯೇ ರೂಪ ತಾಳುತ್ತದೆ. ಬೆಳಿಗ್ಗೆಗೆ ಮೊಗ್ಗು, ಸಂಜೆಗೆ ಹಗುರವಾದ ಹೂವಿನ ದಂಡೆ ಎಂದು ಎರಡಾಗಿ ಯೋಚಿಸಿದರೆ ತಲೆಗೆ ನಡುವೆ ವಿಶ್ರಾಂತಿಯೂ ಸಿಕ್ಕಿತು. ಹೂವು ಬಾಡದಿರಲೆಂದು ಚಿಮುಕಿಸುವ ನೀರು ಇಕ್ಕುಳದಿಂದ ಮಾಡಿದ ಗುಂಗುರನ್ನು ಬಿಚ್ಚಿಹಾಕುತ್ತದೆ ಎಂಬುದನ್ನೂ ಮರೆಯಬಾರದು. ಮೈಸೂರು ಮಲ್ಲಿಗೆ ಇರಲಿ, ಹಡಗಲಿಯದಿರಲಿ, ಉಡುಪಿಯ ಶಂಕರಪುರದಿಂದ ಅಟ್ಟೆ ಲೆಕ್ಕದಲ್ಲಿ ಬಂದದ್ದಿರಲಿ, ಹೂವಿನ ತೇವಕ್ಕೂ ಬಿಸಿಯ ಗುಂಗುರಿಗೂ ಹೊಂದಾಣಿಕೆಯಿಲ್ಲ.

ಹೋಮಕುಂಡದ ಮುಂದೆ

ಇಲ್ಲಿಯವರೆಗಿನದು ಚೆಂದ, ಅಚೆಂದದ ಮಾತು. ಇದು ಜೀವದ ಮಾತು.

ಸ್ಪ್ರೇ ಡಬ್ಬಿಯಿಂದ ಅಂಟನ್ನು ಹೊರದೂಡಲು ಒತ್ತಡದ ಅನಿಲ ಬೇಕು. ಹಿಂದೆ ಅದಕ್ಕೆ ಉರಿಯದ ಕ್ಲೋರೊಫ್ಲೋರೊಕಾರ್ಬನ್ನುಗಳನ್ನು ಬಳಸುತ್ತಿದ್ದರು. ಅವು ಓಝೋನ್ ಪದರವನ್ನು ಕರಗಿಸುತ್ತವೆಂದು ತಿಳಿದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದದ ಆಸುಪಾಸಿನಲ್ಲಿ ಅವುಗಳನ್ನು ಕೈಬಿಡಲಾಯಿತು. ಆ ಜಾಗಕ್ಕೆ ಹೆಚ್ಚಾಗಿ ಬಂದದ್ದು ಪ್ರೊಪೇನ್, ಬ್ಯೂಟೇನ್. ಅಡುಗೆ ಸಿಲಿಂಡರಿನಲ್ಲಿ ಇರುವುದೂ ಅವೇ! ಜೊತೆಗೆ ಆಲ್ಕೊಹಾಲು. ಓಝೋನಿಗೆ ಒಳ್ಳೆಯದಾಯಿತು, ದೀಪದ ಮುಂದೆ ನಿಲ್ಲುವವರು ಎಚ್ಚರ ವಹಿಸಬೇಕಾಯಿತು.

ದೇವರ ದೀಪ ಉರಿಯುತ್ತಿರುವ ಕೋಣೆಯಲ್ಲಿ ಸ್ಪ್ರೇ ಹೊಡೆಯುವುದು, ಹೊಡೆದು ಐದು ನಿಮಿಷಕ್ಕೆ ಆರತಿ ಎತ್ತಿಸುವುದು, ಹೋಮಕ್ಕೆ ಕೂತವಳ ತಲೆಗೆ ‘ಒಂಚೂರು ಸರಿಮಾಡ್ತೀನಿ’ ಎಂದು ಹಿಂದಿನಿಂದ ಮತ್ತೊಮ್ಮೆ ಹೊಡೆಯುವುದು ಇವು ಮೂರೂ ಬೆಂಕಿಯೊಡನೆ ಆಟ. 1984ರ ಜನವರಿ 27ರಂದು ಲಾಸ್ ಏಂಜಲಿಸ್‌ನಲ್ಲಿ ಜಾಹೀರಾತಿನ ಚಿತ್ರೀಕರಣ ನಡೆಯುತ್ತಿದ್ದಾಗ ಬಿರುಸಿನ ಕಿಡಿ ತಗುಲಿ ಹಾಡುಗಾರ ಮೈಕೆಲ್ ಜಾಕ್ಸನ್ ಅವರ ಕೂದಲಿಗೆ ಬೆಂಕಿ ಹತ್ತಿತು. ನೆತ್ತಿ ಸುಟ್ಟುಹೋಯಿತು. ಸುತ್ತ ನೂರಾರು ಜನರಿದ್ದರು. ಕೂದಲಿಗೆ ಹತ್ತಿದ ಬೆಂಕಿ ಹರಡುವ ವೇಗ ಅಂಥದು.

ಚೌರಿಯದು ಇನ್ನೊಂದು ಕಥೆ. ಕೆಲವು ನಿಜವಾದ ಕೂದಲಿನವು, ಹಲವು ನೈಲಾನಿನವು. ಗುರುತಿಸುವ ಪ್ರಯೋಗ ಸುಲಭ. ಒಂದೇ ಒಂದು ಎಳೆಯನ್ನು ಇಕ್ಕುಳದಲ್ಲಿ ಹಿಡಿದು, ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಬೆಂಕಿಕಡ್ಡಿ ತಾಗಿಸಬೇಕು. ನಿಜವಾದ ಕೂದಲು ಸುಟ್ಟ ಗರಿಯ ವಾಸನೆ ಬೀರಿ ಕೈಯಲ್ಲಿ ಪುಡಿಯಾಗುವ ಕರಿಯಾಗುತ್ತದೆ. ನೈಲಾನು ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕರಗಿದ ನೈಲಾನು ಚರ್ಮಕ್ಕೆ ಅಂಟಿಕೊಂಡೇ ಸುಡುವುದರಿಂದ ಗಾಯ ಆಳವಾಗುತ್ತದೆ. ನೈಲಾನಿನ ಚೌರಿಯೇ ಆದರೆ ಸಪ್ತಪದಿ ತುಳಿಯುವಾಗ ಜಡೆಯ ತುದಿ ಕುಂಡದ ಕಡೆ ಬೀಸದಂತೆ ಸೆರಗಿನ ಒಳಗೆ ಇರಲಿ.

ಮಂಟಪದ ಹಿಂದೆ ಒಂದು ಬಕೆಟ್ ನೀರು, ಒಂದು ದಪ್ಪ ಹತ್ತಿಯ ಟವೆಲು ಇಟ್ಟರೆ ಯಾವ ಅಪಶಕುನವೂ ಆಗುವುದಿಲ್ಲ. ಬೆಂಕಿ ಹತ್ತಿದರೆ ಓಡಬಾರದು. ಒದ್ದೆ ಟವೆಲು ಮುಚ್ಚಿ ಆರಿಸಿ, ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ತಿಂಗಳ ಮೊದಲು, ವಾರದ ಮೊದಲು

ಸಡಿಲ ಗಂಟಿನ ಆಟಗಳೆಲ್ಲ ಒಂದು ದಿನದವು. ತಪ್ಪಿದರೆ ತಲೆಗೆ ನೀರು ಹಾಕಿದರಾಯಿತು. ಬಿಗಿ ಗಂಟಿಗೆ ಕೈಹಾಕುವುದು ಹಾಗಲ್ಲ. ‘ಮದುವೆಗೆ ಗುಂಗುರು ಕೂದಲು ಚೆನ್ನಾಗಿರೋದಿಲ್ಲ, ನೆಟ್ಟಗೆ ಮಾಡಿಸಿಬಿಡೋಣ’ ಎಂದು ಹೊರಡುವವರು ಒಂದು ಮಾತು ತಿಳಿಯಬೇಕು. ಗುಂಗುರು ಹುಟ್ಟುವುದು ಚರ್ಮದೊಳಗಿನ ಬುಡದ ಆಕಾರದಿಂದ. ಔಷಧಿ ಬುಡವನ್ನು ಬದಲಿಸುವುದಿಲ್ಲ. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಗುಂಗುರು ಮತ್ತೆ ಬರುತ್ತದೆ. ವರ್ಷ ತುಂಬುವ ಹೊತ್ತಿಗೆ ಮೇಲೆ ನಾಲ್ಕು ಬೆರಳು ಗುಂಗುರು, ಕೆಳಗೆಲ್ಲ ನೆಟ್ಟಗೆ. ಎರಡೂ ಕೂಡುವ ಕಡೆ ಕೂದಲು ಮುರಿಯುವುದು ಹೆಚ್ಚು.

ನೆಟ್ಟಗೆ ಮಾಡುವ ಮದ್ದುಗಳೂ ಒಂದೇ ಬಗೆಯವಲ್ಲ. ಕೆಲವು ಗಂಧಕದ ಬಂಧವನ್ನು ಬಿಚ್ಚಿ ಮತ್ತೆ ಕಟ್ಟುತ್ತವೆ. ‘ಕೆರಾಟಿನ್ ಚಿಕಿತ್ಸೆ’ ಎಂಬ ಮೋಹಕ ಹೆಸರಿನ ಕೆಲವು ಮದ್ದುಗಳಿಂದ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಡುತ್ತದೆ. ಶಾಲೆಯ ಜೀವಶಾಸ್ತ್ರದ ಕಪಾಟಿನಲ್ಲಿ ಕಪ್ಪೆಯನ್ನು ಮುಳುಗಿಸಿಟ್ಟ ಬಾಟಲಿಯ ಫಾರ್ಮಲಿನ್ ಇದರದೇ ದ್ರಾವಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಮದುಮಗಳಿಗಿಂತ ದಿನವೂ ಆ ಹೊಗೆ ಕುಡಿಯುವ ಪಾರ್ಲರಿನ ಹುಡುಗಿಗೆ ಅಪಾಯ ಹೆಚ್ಚು. ಕಣ್ಣು ಉರಿದು ನೀರು ಬಂದರೆ ಕಿಟಕಿ ತೆರೆದು ಎದ್ದು ಬರುವುದೇ ಜಾಣತನ.

‘ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಚೀಟಿ ನೋಡಿ ನಿರಾಳರಾಗುವಂತೆಯೂ ಇಲ್ಲ. ಅದರ ಬದಲಿಗೆ ಬಂದವುಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವೂ ಒಂದು. 26 ವರ್ಷದ ಹೆಣ್ಣುಮಗಳೊಬ್ಬಳಿಗೆ 2020, 2021, 2022ರಲ್ಲಿ ಮೂರು ಸಲ ಮೂತ್ರಪಿಂಡಕ್ಕೆ ಪೆಟ್ಟಾಯಿತು. ಮೂರು ಸಲವೂ ಅವಳು ಕೂದಲು ನೆಟ್ಟಗೆ ಮಾಡಿಸಿಕೊಂಡ ಬೆನ್ನಿಗೇ. ಮದ್ದಿನಲ್ಲಿದ್ದದ್ದು ಈ ಆಮ್ಲ. ಇಲಿಗಳ ಮೇಲೆ ಅದೇ ಮದ್ದು ಹಚ್ಚಿ ನೋಡಿದ ಫ್ರಾನ್ಸಿನ ವೈದ್ಯರಿಗೆ ಅವುಗಳ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಳು ಸಿಕ್ಕವು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಈ ವರದಿಯನ್ನು ಪ್ರಕಟಿಸಿತು. ಹಚ್ಚಿದಾಗ ನೆತ್ತಿ ಉರಿದರೆ ಸಹಿಸಿಕೊಳ್ಳುವುದು ಸೌಂದರ್ಯದ ಬೆಲೆಯಲ್ಲ, ದೇಹ ಹೊಡೆಯುವ ಗಂಟೆ. ಆಮೇಲೆ ವಾಂತಿ, ಜ್ವರ, ಬೆನ್ನುನೋವು ಕಂಡರೆ ವೈದ್ಯರಿಗೆ ಮದ್ದಿನ ವಿಷಯವನ್ನೂ ಹೇಳಬೇಕು.

ಬಣ್ಣದ ಮಾತು ವರ ಮಹಾಶಯರಿಗೂ ಸಲ್ಲುತ್ತದೆ. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಕಂಡು, ಮದುವೆಯ ಹಿಂದಿನ ರಾತ್ರಿ ಗುಟ್ಟಾಗಿ ತಲೆಗೂ ಮೀಸೆಗೂ ಕಪ್ಪು ಬಳಿದುಕೊಳ್ಳುವವರು ಇದ್ದಾರೆ. ಬಹುಪಾಲು ಕಪ್ಪು ಬಣ್ಣಗಳಲ್ಲಿ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ವಸ್ತುವಿದೆ. ಕೆಲವರ ದೇಹ ಇದನ್ನು ಶತ್ರುವೆಂದು ಪರಿಗಣಿಸುತ್ತದೆ. ಆಗ ಮುಖ ಊದಿ, ರೆಪ್ಪೆ ಮುಚ್ಚಿ, ನೆತ್ತಿ ಸೋರುತ್ತದೆ. ಇದು ಹಚ್ಚಿದ ಕೂಡಲೇ ಬರುವುದಿಲ್ಲ, ಒಂದರಿಂದ ಮೂರು ದಿನ ತಡವಾಗಿ ಬರುತ್ತದೆ. ಅಂದರೆ ಹಿಂದಿನ ರಾತ್ರಿ ಹಚ್ಚಿದವರಿಗೆ ಸರಿಯಾಗಿ ಧಾರೆಯ ಹೊತ್ತಿಗೆ! ‘ಕಳೆದ ಸಲ ಏನೂ ಆಗಲಿಲ್ಲ’ ಎಂಬುದು ಸಾಕ್ಷಿಯಲ್ಲ. ದೇಹ ಒಂದು ಸಲ ಗುರುತು ಹಿಡಿದಿಟ್ಟು, ಮುಂದಿನ ಸಲ ಜಗಳಕ್ಕೆ ಬರುತ್ತದೆ. ಜಾತ್ರೆಯಲ್ಲಿ ಕೈಗೆ ಹಾಕಿಸಿಕೊಂಡ ‘ಕಪ್ಪು ಮೆಹಂದಿ’ಯಲ್ಲಿ ಇದೇ ವಸ್ತು ಬೆರೆತಿದ್ದು, ಅಲ್ಲೇ ಈ ಗುರುತು ಮೂಡಿರಲೂಬಹುದು. ಮದರಂಗಿ ಸೊಪ್ಪಿನ ಬಣ್ಣ ಕೆಂಪು, ಕಂದು, ಕಪ್ಪಲ್ಲ. ಬಣ್ಣ ಹಚ್ಚಲೇಬೇಕೆಂದರೆ ಅದೇ ಡಬ್ಬಿಯದನ್ನು ಚೂರು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ 48 ಗಂಟೆ ಕಾದು ನೋಡಬೇಕು. ಆಮೇಲೂ ಮದುವೆಗೆ ಎರಡು ವಾರ ಮೊದಲೇ ಮುಗಿಸುವುದು ಕ್ಷೇಮ.

ಒಟ್ಟಿನಲ್ಲಿ ಸೂತ್ರ ಇಷ್ಟೇ. ನೀರಿನಿಂದ ಹೋಗುವಂಥದ್ದನ್ನು ಮದುವೆಯ ಬೆಳಿಗ್ಗೆ ಮಾಡಬಹುದು. ನೀರಿನಿಂದ ಹೋಗದಂಥ ಯಾವುದನ್ನೂ ಕೊನೆಯ ಎರಡು ವಾರದಲ್ಲಿ ಹೊಸದಾಗಿ ಮಾಡಬಾರದು.

ಒಂದು ದಿನದ ತಾಲೀಮು

ಹಾಗಾದರೆ ಆರಿಸುವುದು ಹೇಗೆ? ಪ್ರಯೋಗದಿಂದ. ಮದುವೆಗೆ ಮೂರು ವಾರ ಮೊದಲು, ಸಾಧ್ಯವಾದರೆ ಮದುವೆಯ ಊರಿನಲ್ಲೇ, ಒಪ್ಪಿದ ಜಡೆಯನ್ನು ಬೆಳಿಗ್ಗೆ ಹಾಕಿಸಿಕೊಂಡು ಇಡೀ ದಿನ ಬಿಡಬೇಕು. ಇಪ್ಪತ್ತು ಸಲ ಬಾಗಿ ನಮಸ್ಕಾರ ಮಾಡಿ ನೋಡಬೇಕು. ಒಂದು ಗಂಟೆ ನೆಲದ ಮೇಲೆ ಕೂರಬೇಕು. ಹಣೆಗೆ ಒಂದು ದಾರ ಕಟ್ಟಿ, ತಲೆಗೆ ಒಂದು ಹಿಡಿ ಅಕ್ಕಿ ಹಾಕಿಸಿಕೊಳ್ಳಬೇಕು. ಮಧ್ಯಾಹ್ನ ಒಂದು, ಸಂಜೆ ಒಂದು ಫೋಟೊ ತೆಗೆಸಿ ಬೆಳಗಿನದರ ಪಕ್ಕದಲ್ಲಿಟ್ಟು ನೋಡಿದರೆ ಯಾರೂ ವಾದಿಸಬೇಕಾಗಿಲ್ಲ. ಮನೆಯ ಒಂದೇ ಕನ್ನಡಿಯಲ್ಲಿ ಬೈತಲೆಯ ಬಾಗು ಎಡ ಬಲವಾಗಿ ಕಾಣುತ್ತದೆ, ಹಿಂಭಾಗ ಕಾಣುವುದೇ ಇಲ್ಲ. ಹಿಂದೆ ಇನ್ನೊಂದು ಕನ್ನಡಿ ಹಿಡಿಸಬೇಕು. ಹಳೆಯ ಸ್ಟುಡಿಯೋದವರು ಮೊಗ್ಗಿನ ಜಡೆಯ ಹುಡುಗಿಯನ್ನು ಕನ್ನಡಿಗೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದದ್ದು ಇದಕ್ಕೇ.

ಈ ತಾಲೀಮಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆಯನ್ನು ಬೇರೆ ಯಾರೂ ತೆಗೆಯಲಾರರು. ಎಷ್ಟು ಗಂಟೆಗೆ ನೋವು ಶುರುವಾಯಿತು? ಎಲ್ಲಿ? ಅದನ್ನು ಹೇಳಬೇಕಾದವಳು ಜಡೆ ಹೊತ್ತವಳೇ. ಅಮ್ಮ, ಅತ್ತಿಗೆ, ಗೆಳತಿಯರ ಮಾತು ಸಲಹೆ; ಅವಳದು ಫಲಿತಾಂಶ. ಕೂದಲು ಗಿಡ್ಡವಿದ್ದರೆ, ತೆಳುವಿದ್ದರೆ, ಕಾಯಿಲೆ ಬಿದ್ದು ಎದ್ದವಳಾಗಿ ಇನ್ನೂ ಬೆಳೆಯುತ್ತಿದ್ದರೆ ಚಿಕ್ಕ ತುರುಬಿನ ಸುತ್ತ ಅರ್ಧಚಂದ್ರದಂತೆ ಒಂದು ದಂಡೆ ಮುಡಿದರೂ ಮದುವೆ ಪೂರ್ಣವೇ. ಸಪ್ತಪದಿಯ ಏಳು ಹೆಜ್ಜೆಗಳಲ್ಲಿ ಜಡೆಯ ಉದ್ದ ಕೇಳುವ ಹೆಜ್ಜೆ ಒಂದೂ ಇಲ್ಲ.

ಬಿಚ್ಚುವ ಹೊತ್ತು

ಎಲ್ಲ ಮುಗಿದು ರಾತ್ರಿ ಕೂದಲು ಬಿಚ್ಚುವಾಗ ಆಗುವ ಹಾನಿ ಇಡೀ ದಿನ ಆದದ್ದಕ್ಕಿಂತ ಹೆಚ್ಚಿರಬಹುದು. ಕೂದಲಿನ ಮೇಲ್ಮೈಯಲ್ಲಿ ಮೀನಿನ ಮೈಯಂತೆ ತುದಿಯ ಕಡೆ ಮುಖ ಮಾಡಿದ ಹುರುಪೆಗಳಿವೆ. ಬುಡದಿಂದ ಒಮ್ಮೆಗೇ ಬಾಚಣಿಗೆ ಎಳೆದರೆ ಸಿಕ್ಕೆಲ್ಲ ಕೆಳಗೆ ಒತ್ತಿ ಗಂಟಾಗುತ್ತದೆ. ಮೊದಲು ಕೊಬ್ಬರಿ ಎಣ್ಣೆಯನ್ನು ಕೈಗೆ ಸವರಿಕೊಂಡು ಬೆರಳಿನಿಂದ ಬಿಡಿಸಬೇಕು. ಈ ಎಣ್ಣೆ ಎಳೆಯೊಳಕ್ಕೆ ಇಳಿದು ಪ್ರೋಟೀನಿನ ನಷ್ಟ ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಸ್ಪ್ರೇಯ ಅಂಟು, ಜೀರಿಗೆ ಬೆಲ್ಲ ಎರಡಕ್ಕೂ ಬೆಚ್ಚಗಿನ ನೀರೇ ಮದ್ದು. ಬಾಚುವುದಾದರೆ ತುದಿಯಿಂದ ಆರಂಭಿಸಿ ಮೇಲೆ ಮೇಲೆ ಹೋಗಬೇಕು.

ಇನ್ನೊಂದು ಸಣ್ಣ ಕೆಲಸ ಬೆಳಿಗ್ಗೆಯೇ ಆಗಬೇಕು. ಜಡೆ ಹಾಕಿದವಳು ಎಷ್ಟು ಪಿನ್ನು ಚುಚ್ಚಿದಳೆಂದು ಲೆಕ್ಕ ಇಟ್ಟು, ಒಂದು ಚೀಟಿಯಲ್ಲಿ ಬರೆದು ಹೆಣ್ಣಿನ ತಂಗಿಯ ಕೈಗೆ ಕೊಡಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನರ್ಸು ಕತ್ತರಿ, ಹತ್ತಿ ಎಣಿಸಿಡುವ ಹಾಗೆ. ಮೂವತ್ತೆಂಟು ಒಳಗೆ ಹೋಗಿದ್ದರೆ ಮೂವತ್ತೆಂಟು ಹೊರಗೆ ಬರಬೇಕು. ಮೂವತ್ತೇಳಕ್ಕೇ ದೀಪ ಆರಿಸಿ ಮಲಗಿದರೆ ಉಳಿದ ಒಂದು ದಿಂಬಿಗೆ ತಲೆಯಿಟ್ಟ ಕ್ಷಣದಲ್ಲಿ ತಾನಿರುವುದನ್ನು ತಿಳಿಸುತ್ತದೆ.